ನೀರಿನ ಎತ್ತರ ಹೊತ್ತ ತಂತಿ

ನಾನು ಒಂದು ಸೀರಿಯಲ್ ಕೇಬಲ್, ಯಂತ್ರಗಳ ನಡುವೆ ಅಂಕಿ ಒಯ್ಯುವ ತಂತಿ. ಎರಡು ತಾಮ್ರದ ಎಳೆಗಳನ್ನು ಹುರಿಯಂತೆ ಹೊಸೆದು, ಬೂದು ಅಂಗಿ ತೊಡಿಸಿದಾಗ ನನ್ನ ಜನ್ಮವಾಯಿತು. ನನ್ನ ದಾಯಾದಿಗಳು ಹೆಚ್ಚಾಗಿ ಮೇಜಿನ ಕೆಳಗೇ ಆಯುಷ್ಯ ಕಳೆಯುವವರು. ಹತ್ತು ಮಾರು ದಾಟಿದರೆ ಅವರ ಮಾತು ತೊದಲುತ್ತದೆ. ನನ್ನ ಪಾಲಿಗೆ ಬಂದದ್ದು ಇಡೀ ಒಂದು ಗುಡ್ಡ.

ಗುಡ್ಡದ ನೆತ್ತಿಯಲ್ಲಿ ಊರಿನ ನೀರಿನ ಟ್ಯಾಂಕು. ಬುಡದಲ್ಲಿ, ಹೊಳೆಯ ದಂಡೆಗೆ, ಪಂಪ್‌ಹೌಸು. ಮೊದಲು ಟ್ಯಾಂಕು ತುಂಬಿದಾಗ ಮೇಲಿನಿಂದ ಒಬ್ಬ ಕೆಂಪು ಟವೆಲ್ ಬೀಸುತ್ತಿದ್ದನಂತೆ. ಅವನು ಚಹಾಕ್ಕೆ ಹೋದ ದಿನ ಓಣಿಯೆಲ್ಲ ಹೊಳೆ.

ನನ್ನನ್ನು ನೆಲದೊಳಗೆ ಎಳೆದವಳು ನಸೀಮಾ ಎಂಬ ಮೆಕ್ಯಾನಿಕ್. ಪಂಪ್‌ಹೌಸಿನ ಗೋಡೆಗೆ ಅಂಕಿ ತೋರಿಸುವ ಡಬ್ಬಿಯೊಂದನ್ನು ಕೂರಿಸಿ, ಪಂಪ್ ನಡೆಸುವ ಗುರಪ್ಪನಿಗೆ ತಿಳಿಯಹೇಳಿದಳು: "ಕಾಕಾ, ಎರಡೂ ಎಳಿ ಒಂದಕ್ಕೊಂದು ಉಲ್ಟಾ ಮಾತಾಡ್ತಾವ್ರೀ. ಹೊರಗಿನ ಗದ್ದಲ ಎರಡಕ್ಕೂ ಸಮ ಬಡೀತದ. ಈ ಡಬ್ಬಿ ಎರಡರ ನಡುವಿನ ಫರಕು ಅಷ್ಟೇ ಕೇಳ್ತದ."

"ಅಂದ್ರ ಗಂಡ-ಹೆಂಡತಿ ಇದ್ದಂಗ," ಅಂದ ಗುರಪ್ಪ.

ನನ್ನ ಕೆಳತುದಿಗೆ, ಡಬ್ಬಿಯೊಳಗೆ, ಅವಳು ಭತ್ತದ ಕಾಳಿನಷ್ಟು ದೊಡ್ಡ, ಪಟ್ಟೆಪಟ್ಟೆಯ ರೆಸಿಸ್ಟರ್ ಒಂದನ್ನು ಬಿಗಿದಳು. ಅದಿಲ್ಲದಿದ್ದರೆ ನನ್ನ ಮಾತು ತುದಿಗೆ ಬಡಿದು ಪ್ರತಿಧ್ವನಿಯಾಗಿ ಮರಳಿ, ಮುಂದಿನ ಮಾತನ್ನೇ ಕೆಡಿಸುತ್ತದೆ.

ಅಂದಿನಿಂದ ನನಗೆ ಬೆರಗೋ ಬೆರಗು. ಮೇಲೆ ನೀರು ಗೇಣು ಏರಿದರೆ, ಆ ಗೇಣು ಅಂಕಿಯಾಗಿ ನನ್ನೊಳಗೆ ಹಾದು ಗುರಪ್ಪನ ಡಬ್ಬಿಯಲ್ಲಿ ಮೂಡುತ್ತಿತ್ತು; ಪಂಪು ಓಡುವುದೂ ನಿಲ್ಲುವುದೂ ಆ ಅಂಕಿಯ ಮೇಲೆಯೇ. ಊರಿನ ನೀರೆಲ್ಲ ನನ್ನ ಮೂಲಕ ಸಾಗಿತು. ನಾನು ಮಾತ್ರ ನೆನೆಯಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಗುರಪ್ಪ ಡಬ್ಬಿಗೂ ಚೆಂಡುಹೂವಿನ ಮಾಲೆ ಹಾಕಿದ. ಭಕ್ತಿ ಜಾಸ್ತಿಯಾಗಿ ಮುಚ್ಚಳ ತೆಗೆದು ಒಳಗೂ ಸುತ್ತಿದ. ಮರುದಿನ ಮಾಲೆ ಎಳೆದಾಗ ದಾರಕ್ಕೆ ಸಿಕ್ಕಿ ರೆಸಿಸ್ಟರ್ ಕಿತ್ತು ಬಂತು. ಅವನಿಗೆ ಅದು ಕಾಣಲೇ ಇಲ್ಲ. ನನ್ನ ಮಾತು ಒಡೆಯಿತು. ಒಡೆದ ಮಾತನ್ನು ನಂಬದ ಡಬ್ಬಿ, ಕೊನೆಯ ಸರಿಯಾದ ಅಂಕಿಯನ್ನೇ ಹಿಡಿದು ಕೂತಿತು: ಟ್ಯಾಂಕು ಭರ್ತಿ. ಪಂಪು ಮಲಗಿತು. ಗುಡ್ಡದ ಓಣಿಯ ನಲ್ಲಿಗಳು ಒಣಗಿದವು.

ಆ ಓಣಿಯಲ್ಲೇ ಗುರಪ್ಪನ ತಂಗಿ ಬಾಳವ್ವನ ಮನೆ. ಮರುದಿನ ಅವಳ ಮಗಳ ಕುಬಸ, ಅಂದರೆ ಸೀಮಂತ. ಬಸುರಿಗೆ ಎಣ್ಣೆ-ನೀರು ಆಗಬೇಕು, ಬೀಗರು ಉಣ್ಣಬೇಕು. ಬಾಳವ್ವ ಖಾಲಿ ಕೊಡದೊಂದಿಗೆ ಪಂಪ್‌ಹೌಸಿಗೇ ಇಳಿದು ಬಂದಳು.

"ಊರಿಗೆಲ್ಲ ನೀರ ಬಿಡಾಂವ ನಮ್ಮಣ್ಣ ಅಂತ ಬೀಗರ ಮುಂದ ಹೇಳೇನಿ. ನಾಳೆ ಅವರಿಗೇನು ಈ ಡಬ್ಬಿ ಕುಡಿಸ್ಲೇನು?"

ಗುರಪ್ಪ ಫೋನು ಮಾಡಿದ. ಪಟ್ಟೆಯ ಕಾಳು ಇದೆಯೇ ನೋಡೆಂದಳು ನಸೀಮಾ. ಇರಲಿಲ್ಲ. ಮಾಲೆ ಎಳೆದದ್ದು ಗುರಪ್ಪನಿಗೆ ನೆನಪಾಯಿತು. ಆದರೆ ಪೂಜೆಯ ಹೂವನ್ನು ಕಸಕ್ಕೆ ಹಾಕುವಂತಿಲ್ಲವಲ್ಲ. ಹರಿಯುವ ಹೊಳೆಗೆ ಬಿಡಲೆಂದು ಮಾಲೆ ಇನ್ನೂ ಬುಟ್ಟಿಯಲ್ಲಿತ್ತು. ಅಣ್ಣ-ತಂಗಿ ಬಾಡಿದ ಎಸಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಾಳು ಸಿಕ್ಕಿದ್ದು ಬಾಳವ್ವನ ಬೆರಳಿಗೆ.

"ಇಷ್ಟ ಸಣ್ಣದೇನು?" ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಗುರಪ್ಪ ಅದನ್ನು ಬಿಗಿದ. ನನ್ನ ಮಾತು ತಿಳಿಯಾಯಿತು. ಟ್ಯಾಂಕು ಬರಿದು ಎಂದೆ. ಪಂಪು ಗುಡುಗಿತು. ಕುಬಸದ ದಿನ ಬೀಗರು ನೀರನ್ನೇ ಹೊಗಳಿದರಂತೆ.

ಈಗ ಟ್ಯಾಂಕು ಗಾಳಿಯಲ್ಲೇ ಮಾತಾಡುತ್ತದೆ, ತಂತಿ ಬೇಡ. ನನ್ನನ್ನು ಅಗೆದು ತೆಗೆದಾಗ, ನಿವೃತ್ತನಾಗಿದ್ದ ಗುರಪ್ಪ ಒಂದು ತುಂಡು ಕೇಳಿ ತಂದು ಬಾಳವ್ವನ ಅಂಗಳದಲ್ಲಿ ಕಟ್ಟಿದ. ಅಂದು ಹೊಟ್ಟೆಯಲ್ಲಿದ್ದ ಮೊಮ್ಮಗಳು, ರಜೆಗೆಂದು ಬಂದವಳು, ಇಂದು ಒಗೆದ ಲಂಗವನ್ನು ನನ್ನ ಮೇಲೆ ಹರವಿದಳು. ತಣ್ಣನೆಯ ಹನಿಯೊಂದು ನನ್ನುದ್ದಕ್ಕೂ ಜಾರಿತು. ಇಷ್ಟು ವರ್ಷ ನಾನು ಹೇಳುತ್ತಿದ್ದದ್ದು ಇದರ ಬಗ್ಗೆಯೇ.