ಎಲ್ಲರಿಗೂ ಗೊತ್ತಿದ್ದ ಗಾಯ

ಕೆಲಸದ ಜಾಗ ಅಂದಮೇಲೆ ಕೂಗಾಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಅನ್ನುತ್ತೀರಾ? ಸ್ವಲ್ಪ ಯೋಚಿಸಿ ನೋಡಿ, ಅದು ನೀವೇ ಇರಬಹುದು. ಈ ಕಥೆಯ ಹೆಂಗಸಿಗೂ ಅದು ಬಹಳ ದಿನ ಗೊತ್ತಿರಲಿಲ್ಲ.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕಿ. ಕೈಕೆಳಗೆ ಎಂಟು ಹೆಂಗಸರು. ಎದುರಿಗೆ ಎಲ್ಲರೂ 'ಮೇಡಂ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಗುಡುಗಮ್ಮ'. ಆ ಎಂಟು ಜನರಲ್ಲಿ ಅವಳ ಗಂಡನ ತಂಗಿಯೂ ಒಬ್ಬಳು. ಗುಡುಗಮ್ಮ ಕೆಟ್ಟವಳೇನಲ್ಲ. ಯಾರಾದರೂ ಕಾಯಿಲೆ ಬಿದ್ದರೆ ಮನೆಗೇ ಹೋಗಿ ನೋಡಿಕೊಂಡು ಬರುತ್ತಿದ್ದಳು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಲಾಂಡ್ರಿಯ ಕೆಲಸ ಹೀಗೆ. ಒಗೆದು ಹಿಂಡಿದ ಬೆಡ್‌ಶೀಟನ್ನು ದೊಡ್ಡದೊಂದು ಬಿಸಿ ಉರುಳೆಗೆ ಕೊಡಬೇಕು. ಮುಂದೆ ಇಬ್ಬರು ಅಂಚು ಹಿಡಿದು ಕೊಡುತ್ತಾರೆ. ಹಿಂದೆ ಇಬ್ಬರು ಇಸ್ತ್ರಿಯಾಗಿ ಬಂದದ್ದನ್ನು ಹಿಡಿದುಕೊಳ್ಳುತ್ತಾರೆ. ಉರುಳೆಯ ಮುಂದೆ ಕಬ್ಬಿಣದ ಒಂದು ಪಟ್ಟಿ ಇದೆ. ಕೈ ಅದಕ್ಕೆ ತಾಗಿದರೆ ಉರುಳೆ ತಟ್ಟನೆ ನಿಲ್ಲುತ್ತದೆ. ಮುದ್ದೆಯಾದ ಬಟ್ಟೆ ತಾಗಿದರೂ ನಿಲ್ಲುತ್ತದೆ. ಮತ್ತೆ ಶುರುವಾಗಲು ಒಂದು ನಿಮಿಷ ಬೇಕು.

ಆ ತಿಂಗಳು ಬಟ್ಟೆ ಹಿಂಡುವ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿತು. ಆಸ್ಪತ್ರೆಯವರು ಲಾಂಡ್ರಿಯ ಮಾಲೀಕರಿಗೆ ಫೋನ್ ಮಾಡುತ್ತಿದ್ದರು. ಮಾಲೀಕರು ಮಹಡಿಯ ಮೇಲಿದ್ದ ಗುಡುಗಮ್ಮನ ಕೋಣೆಗೆ ಫೋನ್ ಮಾಡಿ ಅವಳಿಗೆ ಬೈಯುತ್ತಿದ್ದರು. ಅವಳು ದಡದಡ ಮೆಟ್ಟಿಲಿಳಿದು ಬಂದು ಹೆಂಗಸರಿಗೆ ಬೈಯುತ್ತಿದ್ದಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವುದು ಇದಕ್ಕೇ.

"ಯಾಕೆ ನಿಂತಿತು? ಮತ್ತೆ ಯಾಕೆ ನಿಂತಿತು? ಕೈಗೇನು ಜ್ವರ ಬಂದಿದೆಯಾ ನಿಮಗೆ?"

ಒಂದು ವಾರ ಹೀಗೇ ನಡೆಯಿತು. ಆಮೇಲೆ ಉರುಳೆ ನಿಲ್ಲುವುದೇ ಬಿಟ್ಟುಹೋಯಿತು. ಗುಡುಗಮ್ಮನಿಗೆ ಖುಷಿ. ಆ ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು, "ನೋಡ್ರಿ, ಎರಡು ಮಾತು ಜೋರಾಗಿ ಅಂದರೇನೇ ಕೆಲಸ ನಡೆಯೋದು." ಬೀಗ ರಿಪೇರಿ ಮಾಡುವ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾದಿನಿ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದಳು. ಗುಡುಗಮ್ಮ ಅದನ್ನು ನೋಡಲೂ ಇಲ್ಲ.

ಎರಡು ದಿನ ಕಳೆದು, ಪಕ್ಕದ ಮನೆಯ ನರ್ಸಕ್ಕ ಬಾಗಿಲು ತಟ್ಟಿದಳು. ಮೂವತ್ತು ವರ್ಷ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದವಳು. ನೆಗಡಿ ಬಂದರೂ ಓಣಿಯವರು ಹೋಗುವುದು ಅವಳ ಹತ್ತಿರಕ್ಕೇ.

"ಬಾ ನರ್ಸಕ್ಕ, ಟೀ ಕುಡೀತೀಯಾ?"

"ಟೀ ಆಮೇಲೆ. ನಿನ್ನ ನಾದಿನಿ ಕೈ ನೋಡಿದ್ದೀಯಾ?"

"ಕೈಗೇನಾಗಿದೆ?"

"ಬಲ ಅಂಗೈ ಬೊಬ್ಬೆ ಎದ್ದು ಒಡೆದಿದೆ. ಈವತ್ತು ನನ್ನ ಹತ್ತಿರ ಬಂದಳು. ಕೀವಾಗಿದೆ, ಡಾಕ್ಟರ ಹತ್ತಿರ ಕಳಿಸಿದೆ. ಇನ್ನೆರಡು ದಿನ ಮುಚ್ಚಿಟ್ಟಿದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲವಂತೆ."

ಗುಡುಗಮ್ಮ ಟೀ ಪಾತ್ರೆ ಕೆಳಗಿಟ್ಟಳು. "ಎಲ್ಲಿ ಸುಟ್ಟುಕೊಂಡಳು? ನಮ್ಮ ಲಾಂಡ್ರಿಯಲ್ಲಾ? ಸಾಧ್ಯವೇ ಇಲ್ಲ. ಕೈ ತಾಗಿದರೆ ಉರುಳೆ ನಿಲ್ಲತ್ತೆ."

"ನಿಲ್ಲಬಾರದು ಅಂತ ಪಟ್ಟಿನ ಹರಿದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದ್ದಾರೆ. ಮೆಟ್ಟಿಲ ಮೇಲೆ ನಿನ್ನ ಕಾಲಿನ ಸದ್ದಾದರೆ ಒಬ್ಬಳು ಕೆಮ್ಮುತ್ತಾಳೆ, ಇನ್ನೊಬ್ಬಳು ಬಿಚ್ಚುತ್ತಾಳೆ. ನೀನು ಮೇಲೆ ಹೋದಮೇಲೆ ಮತ್ತೆ ಕಟ್ಟುತ್ತಾರೆ."

"ಅಯ್ಯೋ ದೇವರೇ! ನಾನು ಯಾವತ್ತು ಕಟ್ಟಿ ಅಂದೆ?"

"ನೀನು ಅನ್ನಲಿಲ್ಲ. ಯಾಕೆ ನಿಂತಿತು ಅಂತ ಕೂಗಿದೆ. ಅಷ್ಟೇ ಸಾಕಾಯ್ತು."

"ಹಾಗಂತ ನನಗೆ ಹೇಳಬಾರದಾ? ಒಬ್ಬಳಾದರೂ ಬಂದು ಹೇಳಬಾರದಾ?"

ನರ್ಸಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. "ಗಾಯ ಆಗಿರೋದು ಅಲ್ಲಿರೋ ಎಲ್ಲರಿಗೂ ಗೊತ್ತು. ನಿನ್ನ ಗಂಡನಿಗೂ ಗೊತ್ತು, ನಿನ್ನ ಅತ್ತೆಗೂ ಗೊತ್ತು. ಒಂದೇ ಮೇಜಿನ ಮೇಲೆ ಊಟ ಮಾಡ್ತೀರಿ, ಗೊತ್ತಿಲ್ಲದವಳು ನೀನೊಬ್ಬಳೇ."

ಗುಡುಗಮ್ಮ ಪಕ್ಕದಲ್ಲೇ ಕೂತಿದ್ದ ಗಂಡನ ಕಡೆ ನೋಡಿದಳು. ಅವನು, "ಅತ್ತಿಗೆಗೆ ಹೇಳಬೇಡಣ್ಣ ಅಂತ ಕೈ ಮುಗಿದಳು. ನಾನೇನು ಮಾಡಲಿ?" ಅಂದ. ಅವಳಿಗೆ ಅಳು ಬಂತು. ನಾಚಿಕೆಯೂ ಆಯಿತು. ಆದರೂ ಸೋಲಲು ಮನಸ್ಸು ಬರಲಿಲ್ಲ.

"ನನ್ನ ಕಷ್ಟ ಯಾರಿಗೆ ಹೇಳಲಿ? ಮೇಲಿಂದ ಮಾಲೀಕರು ಉಗೀತಾರೆ. ನಾನು ಮೆತ್ತಗೆ ಮಾತಾಡ್ತಾ ಕೂತರೆ ಆಸ್ಪತ್ರೆ ಮಂಚಕ್ಕೆ ಬಟ್ಟೆ ಯಾರು ಹಾಕ್ತಾರೆ?"

"ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ," ನರ್ಸಕ್ಕ ನಕ್ಕಳು. "ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ದಿನ ಬಸ್ಸು ಉರುಳಿ ಹದಿನಾರು ಜನ ಒಟ್ಟಿಗೇ ಬಂದರು. ನಾವೆಲ್ಲ ಒಬ್ಬರ ಮೇಲೊಬ್ಬರು ಕೂಗಾಡ್ತಿದ್ದೆವು. ದೊಡ್ಡ ಸಿಸ್ಟರ್ ಏನು ಮಾಡಿದರು ಗೊತ್ತಾ? ದನಿ ಇಳಿಸಿದರು. ಅವರ ಮಾತು ಕೇಳಬೇಕಂದರೆ ನಾವು ಬಾಯಿ ಮುಚ್ಚಲೇಬೇಕಿತ್ತು. ಏನಾಗಿದೆ ಅಂತ ಒಂದೇ ಮಾತಲ್ಲಿ ಹೇಳಿದರು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಟ್ಟರು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಆಮೇಲೇ ಹೊರಡಬೇಕು."

"ಅಷ್ಟು ಪುರುಸೊತ್ತು ಎಲ್ಲಿರತ್ತೆ?"

"ತಪ್ಪು ಮಾಡಿ ತಿದ್ದೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಕಣೇ. ಇನ್ನೊಂದು ಕೇಳು. ತಪ್ಪು ಕಂಡರೆ ಅಲ್ಲಿ ಯಾರು ಬೇಕಾದರೂ 'ನಿಲ್ಲಿ' ಅನ್ನಬಹುದಿತ್ತು. ಆ ದಿನ ನೆಲ ಒರೆಸೋ ಆಯಾನೇ ಅಂದಳು."

"ಡಾಕ್ಟರು ನಿಂತರಾ?"

"ನಿಂತರು. ಎಡಗಾಲು ಮುರಿದವನ ಬಲಗಾಲಿಗೆ ಪಟ್ಟಿ ಸುತ್ತುತ್ತಾ ಇದ್ದರು, ನಿಲ್ಲದೆ ಏನು ಮಾಡ್ತಾರೆ?"

ಗುಡುಗಮ್ಮನಿಗೆ ಅಳುವಿನ ನಡುವೆಯೂ ನಗು ಬಂತು. ನರ್ಸಕ್ಕ ಎದ್ದು ನಿಂತು ಹೇಳಿದಳು, "ಮಾಲೀಕರ ಫೋನ್ ಇಟ್ಟಮೇಲೆ ಒಂದು ಲೋಟ ನೀರು ಕುಡಿ, ಆಮೇಲೆ ಮೆಟ್ಟಿಲಿಳಿ. ಎಷ್ಟಾಗತ್ತೆ, ಎಷ್ಟಾಗಲ್ಲ ಅಂತ ಮೇಲಿನವರಿಗೂ ಮೊದಲೇ ಹೇಳು. ಸಿಟ್ಟಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರೋದಿಲ್ಲ."

ಒಳಗಿದ್ದ ಅತ್ತೆ, "ಕೂಗದಿದ್ದರೆ ಆ ಹೆಂಗಸರು ತಲೆ ಮೇಲೆ ಕೂರ್ತಾರೆ, ನೋಡ್ತಿರಿ" ಎಂದು ಗೊಣಗಿದರು. ಅನುಮಾನಕ್ಕೆ ಮದ್ದಿಲ್ಲ.

ಮರುದಿನ ಬೆಳಿಗ್ಗೆ ಗುಡುಗಮ್ಮ ಎಲ್ಲರನ್ನೂ ಕರೆದಳು. "ಇಷ್ಟು ದಿನ ಕೂಗಿದ್ದು ನನ್ನ ತಪ್ಪು. ಇನ್ನು ಮೇಲೆ ಪಟ್ಟಿ ಕಟ್ಟಬೇಡಿ. ಏನಾದರೂ ಸರಿಯಿಲ್ಲ ಅನ್ನಿಸಿದರೆ 'ನಿಲ್ಲಿ' ಅನ್ನಿ. ಯಾಕೆ ಅಂದಿರಿ ಅಂತ ನಾನು ಬೈಯೋದಿಲ್ಲ" ಅಂದಳು. ಎಂಟು ಜನರೂ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ. ನೀವಾಗಿದ್ದರೆ ನಂಬುತ್ತಿದ್ದಿರಾ? ನಾದಿನಿಯನ್ನು ಉರುಳೆಯಿಂದ ಬಿಡಿಸಿ, ಕೈ ವಾಸಿಯಾಗುವವರೆಗೆ ಮೇಜಿನ ಬಳಿ ಕೂತು ಶೀಟು ಎಣಿಸುವ ಕೆಲಸ ಕೊಟ್ಟಳು. ಅವಳ ಜಾಗಕ್ಕೆ ತಾನೇ ನಿಂತಳು.

ನಾಲ್ಕನೇ ದಿನ ಫೋನ್ ಬಂತು. ನಾಲ್ಕು ಗಂಟೆಯೊಳಗೆ ಇನ್ನೂರು ಶೀಟು ಬೇಕು ಅಂತ ಮಾಲೀಕರು ಅಬ್ಬರಿಸಿದರು. ಗುಡುಗಮ್ಮ ನೀರು ಕುಡಿದಳು. ಒಂದು ಲೋಟ ಸಾಲದೆ ಇನ್ನೊಂದೂ ಕುಡಿದಳು. ಕೆಳಗೆ ಬಂದು ಮೆಲ್ಲನೆ ಹೇಳಿದಳು, "ನಾಲ್ಕಕ್ಕೆ ಇನ್ನೂರು ಕೇಳಿದ್ದಾರೆ. ನೀವಿಬ್ಬರು ಒಗೆಯೋದು, ನೀನು ಹಿಂಡೋದು. ತಿರುಗಿ ಹೇಳಿ." ಅವರು ಹೇಳಿದರು. ಕೆಲಸ ಶುರುವಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಬಟ್ಟೆಯ ರಾಶಿ ಸೊಂಟದೆತ್ತರ ಇತ್ತು. ಗುಡುಗಮ್ಮ ಮುದ್ದೆ ಬಿಡಿಸಲು ಉರುಳೆಯ ಕಡೆ ಬಾಗಿದಳು. ಅವಳ ಏಪ್ರನ್ನಿನ ದಾರ ಶೀಟಿನ ಜೊತೆ ಒಳಗೆ ಹೋಗತೊಡಗಿತು. ದಾರ ಬಿಡಿಸಲು ಕೈ ಚಾಚಿದಳು. ಕೈ ಪಟ್ಟಿಗೆ ತಾಗಿತು. ಉರುಳೆ ನಿಲ್ಲಲಿಲ್ಲ.

"ನಿಲ್ಲಿ!"

ಕೂಗಿದ್ದು ನಾದಿನಿ. ಉರುಳೆಯ ಹಿಂದೆ ನಿಂತಿದ್ದವಳು ಅದನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಉರುಳೆ ನಿಂತಾಗ ಗುಡುಗಮ್ಮನ ಬೆರಳಿಗೂ ಅದಕ್ಕೂ ಮಧ್ಯೆ ಎರಡಂಗುಲ ಜಾಗವಿತ್ತು. ಪಟ್ಟಿಯ ತುದಿಯಲ್ಲಿ ಹರಿದ ಬಟ್ಟೆಯ ಗಂಟು ಕಾಣಿಸುತ್ತಿತ್ತು. ಅವಳು ಫೋನಿಗೆ ಅಂತ ಮೇಲೆ ಹೋಗಿದ್ದಾಗ ಯಾರೋ ಮತ್ತೆ ಕಟ್ಟಿದ್ದರು.

ಎಲ್ಲರೂ ಗುಡುಗಿಗೆ ಕಾದರು. ಯಾರು ಕಟ್ಟಿದ್ದು ಅಂತ ಕೂಗಲು ಗುಡುಗಮ್ಮ ಬಾಯಿ ತೆರೆದದ್ದೂ ನಿಜ. ಆಮೇಲೆ ಬಾಯಿ ಮುಚ್ಚಿ, ದಾರ ಬಿಡಿಸಿಕೊಂಡು, ಮೆಲ್ಲನೆ ಕೇಳಿದಳು, "ಯಾಕೆ ಕಟ್ಟಬೇಕಾಯ್ತು?"

ಬಟ್ಟೆ ಹಿಂಡುವವಳು ಮುಂದೆ ಬಂದಳು. "ನಾನೇ ಕಟ್ಟಿದೆ ಮೇಡಂ. ಒಂದೇ ಯಂತ್ರ, ಅವಸರಕ್ಕೆ ಬೇಗ ತೆಗೀತಿದ್ದೀವಿ. ನೀರು ಪೂರ್ತಿ ಹೋಗಲ್ಲ. ಒದ್ದೆ ಶೀಟು ಮುದ್ದೆಯಾಗಿ ಪಟ್ಟಿಗೆ ತಾಗತ್ತೆ, ಅದಕ್ಕೇ ನಿಲ್ಲೋದು. ಮೂರು ನಿಮಿಷ ಜಾಸ್ತಿ ಹಿಂಡಿದರೆ ನಿಲ್ಲಲ್ಲ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಿದ್ದು ಈವತ್ತೇ ಅಲ್ವಾ ಮೇಡಂ?"

ಗುಡುಗಮ್ಮ ತಾನೇ ಗಂಟು ಬಿಚ್ಚಿದಳು. ಮೊದಲು ಮಾಲೀಕರಿಗೆ, ಆಮೇಲೆ ನೇರವಾಗಿ ಆಸ್ಪತ್ರೆಗೆ ಫೋನ್ ಮಾಡಿದಳು. "ನಾಲ್ಕಕ್ಕೆ ನೂರೈವತ್ತು ಕೊಡ್ತೀವಿ, ಉಳಿದದ್ದು ಆರಕ್ಕೆ. ಅದಕ್ಕಿಂತ ಬೇಗ ಆಗಲ್ಲ." ಆ ಕಡೆಯವರು ಆರಾಮಾಗಿ ಹೇಳಿದರು, "ಸರಿ ಬಿಡಿ. ಸಂಜೆಗೆ ಬೇಕಾಗಿರೋದು ನೂರಿಪ್ಪತ್ತೇ." ತಿಂಗಳಿಡೀ ಇದನ್ನು ಯಾರೂ ಕೇಳಿರಲಿಲ್ಲ. ಆ ತಿಂಗಳು ಒಂದು ಅಂಗೈ ಸುಟ್ಟಿತ್ತು.

ಆ ಸಂಜೆ ಕಥೆ ಕೇಳಿದ ಅತ್ತೆ ಸೊಸೆಯ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆಯ್ತಮ್ಮ, ಕೂಗದೇನೂ ಕೆಲಸ ಆಗತ್ತೆ, ಒಪ್ಪಿದೆ" ಅಂದರು. ಆಗ ನಾದಿನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತಿಗೆ, ಕೈ ಇನ್ನೂ ನೋಯ್ತಿದೆ. ನಾಳೆ ನನಗೆ ರಜೆ ಬೇಕು."

ಆಸ್ಪತ್ರೆಗೆ ಎಲ್ಲ ಶೀಟು ತಲುಪಿದಾಗಲೂ ಗುಡುಗಮ್ಮನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು, "ತಗೋ" ಅಂದಳು.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಒತ್ತಡ ಎಲ್ಲರಿಗೂ ಇದೆ. ಅಂಗಡಿ ಇರಲಿ, ಕಾರ್ಖಾನೆ ಇರಲಿ, ಮನೆ ಇರಲಿ, ನಾಲ್ಕು ಜನ ನಿಮ್ಮ ಮಾತು ಕೇಳುತ್ತಾರೆ ಅಂದರೆ ನಿಮ್ಮ ಒತ್ತಡವೂ ಅವರ ಕೈಗೇ ಹೋಗುತ್ತದೆ. ದನಿ ಇಳಿಸಿ. ಆಗುವುದೆಷ್ಟು ಅಂತ ಮೇಲಿನವರಿಗೆ ಹೇಳಿ. ನಿಲ್ಲಿ ಅಂದವರನ್ನು ಬೈಯಬೇಡಿ. ಈವತ್ತು ಮಲಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮವರು ಯಾರಾದರೂ ತಾವಾಗಿ ಬಂದು, ತಪ್ಪಾಯ್ತು ಅಂತಲೋ ನೋಯ್ತಿದೆ ಅಂತಲೋ ಹೇಳಿ ಎಷ್ಟು ದಿನವಾಯಿತು? ನೆನಪಾಗದಿದ್ದರೆ ಎದ್ದು ಹೋಗಿ, ಅವರ ಕೈ ನೋಡಿ.