ಹೈಡ್ರಜೀನ್ ಹೋದ ಮೇಲೆ

ಕೃಷ್ಣವ್ವನ ಕಣ್ಣು ಹಳದಿಯಾದದ್ದನ್ನು ಮೊದಲು ಗಮನಿಸಿದವಳು ಅನ್ನಪೂರ್ಣಾ.

ಎಂ.ಕೆ. ಹುಬ್ಬಳ್ಳಿಯಾಚೆ, ಕಬ್ಬಿನ ಹೊಲಗಳ ನಡುವೆ ಮಹಾಂತಪ್ಪನವರ ಸಣ್ಣ ಕಾರ್ಖಾನೆ. ಬ್ಯಾಟರಿಗೆ ಹಾಕುವ ಗ್ರಾಫೀನ್ ಎಂಬ ಕರಿಪುಡಿ ಅಲ್ಲಿ ತಯಾರಾಗುತ್ತಿತ್ತು. ಮುಂದಿನ ಶೆಡ್ಡಿನಲ್ಲಿ ಗ್ರಾಫೈಟನ್ನು ಮೈಗೆ ತಾಗಿದರೆ ಸುಡುವ ಗಂಧಕಾಮ್ಲದಲ್ಲಿ ಕಲಸಿ ಕಂದು ಬಣ್ಣದ ಗ್ರಾಫೀನ್ ಆಕ್ಸೈಡ್ ಮಾಡುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಅದಕ್ಕೆ ಹೈಡ್ರಜೀನ್ ಸುರಿದರೆ ಆಮ್ಲಜನಕ ಕಳಚಿಕೊಂಡು ಕಂದು ಕಪ್ಪಾಗುತ್ತಿತ್ತು. ನೋಡಲು ನೀರಿನಂತಿದ್ದರೂ ಹೈಡ್ರಜೀನ್ ವಿಷ. ಉಸಿರಿನಿಂದ, ಚರ್ಮದಿಂದ ಒಳಗಿಳಿದು ಲಿವರನ್ನು ತಿನ್ನುತ್ತದೆ. ಅದನ್ನು ಸುರಿಯುವುದು ಕೃಷ್ಣವ್ವನ ಕೆಲಸ.

"ಕೃಷ್ಣಕ್ಕ, ಕಣ್ಣು ಹಿಂಗ್ಯಾಕ ಆಗ್ಯಾವ?"

"ಪಿತ್ತ ಆಗಿರಬೇಕ್ರಿ ಬಾಯಾರ. ಊಟಾನ ಸೇರವಲ್ದು."

ರಾಮದುರ್ಗದಿಂದ ಕೆಮಿಸ್ಟಾಗಿ ಬಂದಿದ್ದ ಅನ್ನಪೂರ್ಣಾ ಅವತ್ತೇ ಮಹಾಂತಪ್ಪನವರ ಮುಂದೆ ನಿಂತಳು. ಹೈಡ್ರಜೀನ್ ಬಿಡೋಣ, ವಿಟಮಿನ್ ಸಿ ಹಾಕಿದರೂ ಪುಡಿ ಕಪ್ಪಾಗುತ್ತದೆ ಎಂದಳು. ಅವರು ನಕ್ಕರು.

"ನೆಗಡಿ ಗುಳಿಗಿ ಹಾಕಿ ಕಾರ್ಖಾನಿ ನಡಸೂದೇನ್ರಿ? ಮಾಡಿ ತೋರಸ್ರಿ, ಆಮ್ಯಾಲ ನೋಡೂನು."

ಮಾಡಿ ತೋರಿಸುವುದು ಸುಲಭವಾಗಲಿಲ್ಲ. ಮೊದಲು ಪುಡಿ ಕೆಸರಿನಂತೆ ಗಂಟುಗಟ್ಟಿತು. ತುಸು ಅಮೋನಿಯಾ ಬೆರೆಸಿ, ಕುದಿ ಬರದಂತೆ ಬಿಸಿ ಹಿಡಿದು ಮತ್ತೆ ಮತ್ತೆ ಮಾಡಿದಳು. ಕೊನೆಗೊಂದು ದಿನ ಗಾಜಿನ ಪಾತ್ರೆಯ ಕಂದು ನೀರು ಚಹಾದ ಡಿಕಾಕ್ಷನ್ನಿನಂತಾಗಿ, ನೋಡನೋಡುತ್ತ ಕಾಡಿಗೆಯಂತೆ ಕಪ್ಪಾಯಿತು. ಮಾದರಿ ಪುಣೆಗೆ ಹೋಗಿ, ಖರೀದಿದಾರರು ಒಪ್ಪಿದ ಸುದ್ದಿ ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಅಲ್ಲಿಯವರೆಗೂ ಕೃಷ್ಣವ್ವ ಹೈಡ್ರಜೀನ್ ಸುರಿಯುತ್ತಲೇ ಇದ್ದಳು, ಒಂದು ದಿನ ಡ್ರಮ್ಮಿನ ಪಕ್ಕದಲ್ಲೇ ಕುಸಿಯುವತನಕ.

ಬೆಳಗಾವಿಯ ಆಸ್ಪತ್ರೆಯಲ್ಲಿ ಅವಳ ಹೊಟ್ಟೆ ನೀರು ತುಂಬಿ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು. ಗಂಡ ಸತ್ಯಪ್ಪ ಕಾಲ ಬಳಿ ಕುಳಿತಿದ್ದ. ಲಿವರ್ ಉಳಿದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

"ಹೈಡ್ರಜೀನ್ ಬಂದ್ ಆತು ಕೃಷ್ಣಕ್ಕ," ಎಂದಳು ಅನ್ನಪೂರ್ಣಾ. "ಈಗ ವಿಟಮಿನ್ ಸಿ ಹಾಕ್ತೇವಿ. ನಿಂಬಿಹಣ್ಣಿನಾಗ ಇರತೈತಲ್ಲ, ಅದ."

ಕೃಷ್ಣವ್ವನ ಮುಖ ಅರಳಿತು.

"ಅಂದ್ರ ಇನ್ನ ವಿಷ ಇಲ್ಲಂದ್ರಿ? ಹಂಗಾದ್ರ ನಮ್ಮ ಮಂಜುಳಾನ ನನ್ನ ಜಾಗಾಕ್ಕ ಹಚ್ಚಗೋರಿ ಬಾಯಾರ. ಸಾಲಿ ಮುಗಿಸಿ ಮನ್ಯಾಗ ಕುಂತಾಳ."

ಮುಂದಿನ ಶೆಡ್ಡಿನ ಆಮ್ಲ ಹಾಗೇ ಇದೆ, ಅದಕ್ಕೆ ಯಾವ ನಿಂಬೆಹಣ್ಣೂ ಸಿಕ್ಕಿಲ್ಲ ಎಂದು ಹೇಳಬೇಕಿತ್ತು. ಸಾಯುವವಳ ಮುಖದ ಆ ಗೆಲುವು ನೋಡಿ ಅನ್ನಪೂರ್ಣಾ ಅದನ್ನು ಹೇಳಲಿಲ್ಲ. "ನೋಡೂನು," ಎಂದಷ್ಟೇ ಹೇಳಿ ಹೊರಬಿದ್ದಳು. ಕೃಷ್ಣವ್ವ ಆ ವಾರ ದಾಟಲಿಲ್ಲ.

ದಿನಕರ್ಮ ಮುಗಿದ ಮೇಲೆ ಸತ್ಯಪ್ಪ ಮಗಳನ್ನು ಕರೆದುಕೊಂಡು ನೇರ ಮಹಾಂತಪ್ಪನವರ ಬಳಿಗೇ ಹೋದ. ಅನ್ನಪೂರ್ಣಾಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಮುಂದಿನ ಶೆಡ್ಡಿನಲ್ಲಿ ಆಮ್ಲದ ಕ್ಯಾನು ಎತ್ತುತ್ತಿದ್ದ ಮಂಜುಳಾಳನ್ನು ಕಂಡಾಗ.

ಅನ್ನಪೂರ್ಣಾ ಅವಳತ್ತ ಓಡಿದಳು. "ನಿನ್ನನ್ನ ಇಲ್ಲಿ ಹಚ್ಚಿದವರ್ಯಾರು? ಹಿಂದಿನ ಶೆಡ್ಡಿಗೆ ನಡಿ."

"ಅಲ್ಲಿ ಮಂದಿ ಸಾಕಂತ್ರಿ, ಸಾವಕಾರ್ರು ಅಂದ್ರು," ಎಂದಳು ಮಂಜುಳಾ. "ಅಂಜಬ್ಯಾಡ್ರಿ ಬಾಯಾರ. ಇಲ್ಲಿ ಏನೂ ವಿಷ ಇಲ್ಲಂತ ಅವ್ವಗ ನೀವ ಹೇಳಿದ್ರಂತಲ್ರಿ. ಅದನ್ನ ಕೇಳಿದ ಮ್ಯಾಲ ಅವ್ವ ಸಮಾಧಾನದಿಂದ ಹ್ವಾದ್ಲು."

ಅನ್ನಪೂರ್ಣಾ ಮಹಾಂತಪ್ಪನವರ ಕೋಣೆಗೆ ಹೋಗಿ ಜಗಳಾಡಿದಳು. ಹುಡುಗಿ ಬೇಡವಾದರೆ ಮನೆಗೆ ಕಳಿಸಿ ಎಂದರು ಅವರು. ಮನೆಗೆ ಹೋಗಲು ಮಂಜುಳಾ ಒಪ್ಪಲಿಲ್ಲ.

ಕೊನೆಗೆ ಅನ್ನಪೂರ್ಣಾ ತನ್ನ ಸುರಕ್ಷಾ ಕನ್ನಡಕ ತೆಗೆದು ಅವಳ ಕಣ್ಣಿಗೆ ಏರಿಸಿ, ಪಕ್ಕದಲ್ಲಿ ನಿಂತು, ಆಮ್ಲವನ್ನು ಮಂಜುಗಡ್ಡೆಯಲ್ಲಿಟ್ಟ ಗ್ರಾಫೈಟಿನ ತೊಟ್ಟಿಗೆ, ಕಾದು ಸಿಡಿಯದಂತೆ, ಹನಿಹನಿಯಾಗಿ ಬಿಡುವುದು ಹೇಗೆಂದು ಹೇಳಿಕೊಡತೊಡಗಿದಳು.