ಒಂದೇ ಮಾತಿನ ಪಾತ್ರ

"ಇನ್ನೊಂಚೂರು ಎತ್ತಿ ಕಂಡಕ್ಟ್ರೇ, ಕಾಲು ತಾಗ್ತಿದೆ."

"ಎತ್ತಿದೀನಿ ಮಹಾರಾಯ. ನಿನ್ನ ಕಡೆ ತಗ್ಗಿಸು."

ಬೆಂಚು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ನಿಂತಿತ್ತು. ಒಳಗಿನ ತುದಿಯನ್ನು ಕಂಡಕ್ಟರ್ ಹಿಡಿದಿದ್ದರು, ಹೊರಗಿನದನ್ನು ಪಕ್ಕದ ಅಂಗಡಿಯ ಟೈಲರ್. ಅದನ್ನು ತೆಗೆಯದಿದ್ದರೆ ವ್ಯಾನು ಬಂದಾಗ ಅಪ್ಪನನ್ನು ಮಲಗಿಸಿದ ಹಲಗೆ ಈ ಮೂಲೆಯಲ್ಲಿ ತಿರುಗುವುದಿಲ್ಲ ಎಂದು ಮಗ ಬೆಳಿಗ್ಗೆಯೇ ನೋಡಿ ಹೇಳಿದ್ದ. ಹೇಳಿದ ಮೇಲೆ ಅವನು ಯಾರೊಂದಿಗೂ ಮಾತಾಡಿರಲಿಲ್ಲ. ಬಂದವರ ಚಪ್ಪಲಿಗಳನ್ನು ಗೋಡೆಯ ಕಡೆಗೆ ಸರಿಸುತ್ತ, ಮತ್ತೆ ಸರಿಸುತ್ತ ಹಜಾರದಲ್ಲೇ ಓಡಾಡುತ್ತಿದ್ದ.

"ಇದೇ ಬೆಂಚಲ್ವಾ ಬೀಗದಂಗಡೀಲಿ ಇದ್ದದ್ದು?" ಟೈಲರ್ ಏದುಸಿರಿನ ನಡುವೆ ಕೇಳಿದ.

"ಇದೇ. ಕಿಟಕಿ ಕಡೆಯದು ನನ್ನ ಸೀಟು."

"ಇದರ ಮೇಲೆ ಕೂತೇ ಅಲ್ವಾ ನೀವಿಬ್ಬರೂ ದೊಡ್ಡವರ ವಿಷಯಕ್ಕೆ ಜುಟ್ಟು ಜುಟ್ಟು ಹಿಡ್ಕೊಳ್ತಿದ್ದದ್ದು? ಇವರು ಸಾಕ್ಷಿ ಅಂತ, ನೀವು ರಾಜ ಅಂತ. ನನ್ನ ಕೇಳಿದ್ರೆ ಆ ಮುದಿ ಸಂಗೀತಗಾರನ ಪಾತ್ರದ ಮುಂದೆ ಯಾವುದೂ ನಿಲ್ಲಲ್ಲ ಬಿಡಿ."

"ನಿನ್ನ ಯಾರು ಕೇಳಿದ್ರು? ಅದರಲ್ಲಿ ಅವರು ಹಾಕಿದ್ದ ಕೋಟಿನ ಹೊಲಿಗೆ ನೋಡಿ ನೀನು ಮರುಳಾದೆ, ಅಷ್ಟೇ."

ಇಬ್ಬರೂ ಒಟ್ಟಿಗೇ ನಡುಮನೆಯ ಕಡೆ ತಿರುಗಿದರು. ಇಂಥ ಮಾತು ಬಂದಾಗಲೆಲ್ಲ ಅಲ್ಲಿಂದ ಒಂದು ದನಿ ಬರಬೇಕಿತ್ತು. ಮಂಚದ ಮೇಲೆ ಆ ಅಂಗಡಿಯ ಯಜಮಾನರು, ಎಲ್ಲರ ಬಾಯಲ್ಲಿ ಬೀಗದವರು, ಗಲ್ಲದವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ತಲೆಯ ಹತ್ತಿರ ಕೂತಿದ್ದ ಹೆಂಡತಿ ಅವರ ಬಾಯಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

ಬೆಂಚು ಕೊನೆಗೂ ಹೊರಗೆ ಬಂತು. ಚೌಕಟ್ಟಿನ ಬಣ್ಣ ಒಂದಿಷ್ಟು ಕಿತ್ತುಹೋಯಿತು.

*

ದೊಡ್ಡವರು ಎಂದರೆ ಆ ನಟ. ಗುರುವಿನ ಎದುರು ಕೂತು ಹಳೆಯ ಕ್ರಮದಲ್ಲಿ ಅಭಿನಯ ಕಲಿತು, ಅರ್ಧ ಆಯುಸ್ಸು ರಂಗದ ಮೇಲೆ ಕಳೆದು, ಆಮೇಲೆ ಸಿನಿಮಾಕ್ಕೆ ಬಂದವರು. ಅವರ ಹೆಸರು ಹಿಡಿದು ಕರೆಯುವುದು ಬೀಗದಂಗಡಿಯಲ್ಲಿ ಅಪರಾಧವಾಗಿತ್ತು.

ಅಂಗಡಿ ಎಂದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಒಂದು ಗೋಡೆಯ ತುಂಬ ಹಲ್ಲು ಕೊರೆಯದ ಕೀಲಿಗಳು, ಇನ್ನೊಂದರ ಕೆಳಗೆ ಬೆಂಚು. ಪಾಳಿ ಮುಗಿಸಿ ಬಂದ ಕಂಡಕ್ಟರ್ ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆಂದರೆ ವಾದ ಶುರು.

ಅವರ ಪ್ರಕಾರ ದೊಡ್ಡವರ ಶ್ರೇಷ್ಠ ಪಾತ್ರ ರಾಜನದು. ಸೋತ ರಾಜ ಅರಮನೆಯ ಮೆಟ್ಟಿಲಿಳಿಯುತ್ತ ಆಡುವ ಉದ್ದದ ಮಾತು ಅವರಿಗೆ ಬಾಯಿಪಾಠ. ಬಸ್ಸು ಖಾಲಿ ಇದ್ದರೆ ಕಂಬಿ ಹಿಡಿದು ನಿಂತು ಅದನ್ನು ಡ್ರೈವರಿಗೆ ಒಪ್ಪಿಸುತ್ತಿದ್ದರಂತೆ.

ಬೀಗದವರದು ಬೇರೆಯೇ ಸಿನಿಮಾ. ಅದರಲ್ಲಿ ದೊಡ್ಡವರು ಬಂದು ಹೋಗುವುದು ಸ್ವಲ್ಪ ಹೊತ್ತು. ಕೋರ್ಟಿನ ಕಟಕಟೆಯಲ್ಲಿ ಸಾಕ್ಷಿಯಾಗಿ ನಿಂತ ಮುದುಕ. ಎದುರಿಗೆ ಆರೋಪಿಯಾಗಿ ನಿಂತವನು ಅವನದೇ ಮಗ, ಅದು ಕೋರ್ಟಿಗೆ ಗೊತ್ತಿಲ್ಲ. "ಇವನನ್ನು ಮೊದಲು ಎಲ್ಲಾದರೂ ನೋಡಿದ್ದೀಯಾ?" ಎಂದು ವಕೀಲ ಕೇಳುತ್ತಾನೆ. ಮುದುಕ ತುಂಬ ಹೊತ್ತು ಮಗನನ್ನು ನೋಡಿ, "ಇಲ್ಲ" ಅನ್ನುತ್ತಾನೆ. ಇಡೀ ಪಾತ್ರಕ್ಕೆ ಇರುವುದು ಆ ಒಂದು ಮಾತು.

"ಆ ಒಂದರಲ್ಲೇ ಎಲ್ಲಾ ಬಂತಲ್ಲೋ," ಎನ್ನುತ್ತಿದ್ದರು ಬೀಗದವರು, ಕೀಲಿಗೆ ಅರ ಉಜ್ಜುತ್ತ.

"ಏನು ಬಂತು, ಮಣ್ಣು? ಮಗನನ್ನ ಉಳಿಸಿದನೋ, ಕೈಬಿಟ್ಟನೋ, ಅದೇ ಗೊತ್ತಾಗಲ್ಲ."

"ಗೊತ್ತಾಗಬಾರದು. ಅದೇ ನಟನೆ."

"ಗೊತ್ತಾಗದ್ದನ್ನ ನೋಡೋಕೆ ನಾನ್ಯಾಕೆ ಕಾಸು ಕೊಟ್ಟು ಸಿನಿಮಾಕ್ಕೆ ಹೋಗ್ಲಿ? ಕತ್ತಲೇಲಿ ಕೂರೋದಾದ್ರೆ ನಮ್ಮ ಮನೇಲೇ ಕರೆಂಟಿರಲ್ಲ."

ಆಮೇಲೆ ಇಬ್ಬರೂ ಆ "ಇಲ್ಲ"ವನ್ನು ದೊಡ್ಡವರಂತೆ ಹೇಳಲು ಹೊರಡುತ್ತಿದ್ದರು. ಕಂಡಕ್ಟರ್ ಹೇಳಿದರೆ ಬಸ್ಸಲ್ಲಿ ಸೀಟಿಲ್ಲ ಎಂದ ಹಾಗಿರುತ್ತಿತ್ತು. ಬೀಗದವರು ಮಾತ್ರ ಬಿಡದೆ, ಒಮ್ಮೆ ಗಂಟಲಿನಿಂದ, ಒಮ್ಮೆ ಎದೆಯಿಂದ, ಒಮ್ಮೆ ಬರೀ ಉಸಿರಿನಿಂದ ಹೇಳಿ ನೋಡುತ್ತಿದ್ದರು. ಕೀಲಿಗಾಗಿ ಕಾಯುತ್ತ ನಿಂತ ಗಿರಾಕಿಗಳೇ ತೀರ್ಪುಗಾರರು. ಬುತ್ತಿ ಹಿಡಿದು ಬಂದ ಹೆಂಡತಿ, "ಹಸಿವಿದೆಯೋ?" ಎಂದರೂ ಅದೇ ದನಿಯಲ್ಲಿ "ಇಲ್ಲ" ಎನ್ನುವರು. ಹೆಂಡತಿ ನಗುತ್ತ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದರು. "ಇದು ಹೊಟ್ಟೆ ಚುರುಗುಟ್ಟೋ 'ಇಲ್ಲ'. ಬನ್ನಿ, ಕೈ ತೊಳ್ಕೊಳ್ಳಿ."

*

ತಲೆಯೊಳಗೆ ರಕ್ತ ಕಟ್ಟಿ ಬೀಗದವರ ಬಲಗೈ ಬಲಗಾಲು ಬಿದ್ದುಹೋದಾಗ ಮಾತೂ ಹೋಯಿತು. ಉಳಿದದ್ದು "ಇಲ್ಲ" ಒಂದೇ. ಹೀಗೆ ಯಾವುದೋ ಒಂದು ಪದ ಉಳಿದುಬಿಡುವುದುಂಟು, ಅದೇ ಯಾಕೆ ಎಂದು ಹೇಳಲಾಗದು ಎಂದರು ಡಾಕ್ಟರು. ಹೌದೆಂದಾದರೆ ತಲೆಯಾಡಿಸಿ ಎಂದು ಕಲಿಸಲು ನೋಡಿದರು. ಬೀಗದವರು ಉದ್ದಕ್ಕೂ ಆಡಿಸುವರು, ಅಡ್ಡಕ್ಕೂ ಆಡಿಸುವರು. ಅದನ್ನು ನಂಬುವಂತಿರಲಿಲ್ಲ.

"ನನಗೆ ಗೊತ್ತು ಯಾಕೆ ಉಳೀತು ಅಂತ," ಎಂದರು ಕಂಡಕ್ಟರ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು. "ಬೇರೆ ಯಾವ ಮಾತನ್ನಾದ್ರೂ ಅಷ್ಟು ಸಲ ಹೇಳಿದ್ನಾ ಇವನು? ನನ್ನ ರಾಜನ ಮಾತು ಕಲಿತಿದ್ರೆ ಇವತ್ತು ಆರಾಮಾಗಿ ಭಾಷಣ ಮಾಡ್ಕೊಂಡಿರ್ತಿದ್ದ."

"ಇಲ್ಲ," ಎಂದರು ಬೀಗದವರು. ಬಾಯಿಯ ಎಡಗಡೆ ನಕ್ಕಿತು.

"ಟೀ ಬೇಕೋ ಬೇಡ್ವೋ?"

"ಇಲ್ಲ."

"ಅದಕ್ಕೆ ಬೇಡ ಅನ್ನಬೇಕು ಮಹಾರಾಯ! ಮಾತು ಹೋದ್ರೆ ಹೋಗ್ಲಿ, ವ್ಯಾಕರಣನೂ ಹೋಯ್ತಾ?"

ಕಂಡಕ್ಟರ್ ತಪ್ಪದೆ ಬರುತ್ತಿದ್ದರು. ದೊಡ್ಡವರ ಒಂದೊಂದೇ ಸಿನಿಮಾ ಹೇಳಿ, "ಇದು?" ಎಂದು ಕೇಳುವರು. ಉತ್ತರ ಒಂದೇ. ಆದರೂ ಅದರಲ್ಲಿ ಒಪ್ಪಿಗೆ ಯಾವುದು, ತಿರಸ್ಕಾರ ಯಾವುದು ಎಂದು ತನಗೆ ತಿಳಿಯುತ್ತದೆ ಎಂದೇ ಅವರು ಬೀದಿಯಲ್ಲಿ ಹೇಳಿಕೊಂಡು ತಿರುಗಿದರು.

ನಿಜವಾಗಿ ತಿಳಿಯುತ್ತಿದ್ದದ್ದು ಹೆಂಡತಿಗೆ. ತೊಟ್ಟಿಲ ಮಗುವಿನ ಅಳು ತಾಯಿಗೆ ತಿಳಿಯುವ ಹಾಗೆ, ಯಾರೂ ಕಲಿಸದೆ, ಕೆಲಸದ ನಡುವೆಯೇ ಅದು ಕಿವಿಗೆ ಹತ್ತಿತ್ತು. ಮಗ್ಗುಲು ಬದಲಿಸಬೇಕಾದರೆ ಮೊಟಕಾಗಿ ಎರಡು ಸಲ. ನೋವಿಗೆ ದನಿಯೇ ಇಲ್ಲದ್ದು. ನೀರಿಗೆ, ಕೊನೆಯನ್ನು ಎಳೆದು, ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಮೇಲಕ್ಕೆ. "ಬಂದೆ, ಬಂದೆ," ಎಂದು ಅಡುಗೆಮನೆಯಿಂದಲೇ ಉತ್ತರ ಕೊಟ್ಟು, ಸ್ಟೀಲ್ ಲೋಟಕ್ಕೆ ಸ್ಟ್ರಾ ಹಾಕಿಕೊಂಡು ಬರುವರು.

ಒಮ್ಮೆ ಕಂಡಕ್ಟರ್ ಗಟ್ಟಿಯಾಗಿಯೇ ಕೇಳಿದ್ದರು: "ಕೊನೇ ಸಲ ಕೇಳ್ತೀನಿ. ರಾಜನೇ ದೊಡ್ಡ ಪಾತ್ರ ಅಂತ ಈಗಲಾದ್ರೂ ಒಪ್ತೀಯೋ?"

"ಇಲ್ಲಾ..."

"ನೋಡಿ ಅತ್ತಿಗೆ, ಈ ಸ್ಥಿತೀಲೂ ಹಟ ನೋಡಿ!"

ಅತ್ತಿಗೆ ಆಗಲೇ ಲೋಟ ಹಿಡಿದು ಬಂದಿದ್ದರು. "ನಿಮ್ಮ ರಾಜನಿಗಲ್ಲ ಕಂಡಕ್ಟ್ರೇ, ನೀರಿಗೆ," ಎಂದು ಗಂಡನ ತಲೆಯನ್ನು ಮೊಣಕೈಯ ಮೇಲೆ ಎತ್ತಿಕೊಂಡರು. ಬೀಗದವರು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದರು.

ಮಗ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಜೋರಾಗಿ ಮಾತಾಡಿಸುವನು. "ಇಲ್ಲ" ಎಂದರೆ ಅಮ್ಮನ ಮುಖ ನೋಡುವನು.

*

ಹೊತ್ತು ಏರುತ್ತಿತ್ತು. ವ್ಯಾನಿನವನು ದಾರಿಯಲ್ಲಿದ್ದೇನೆ ಎಂದಿದ್ದ.

"ಅಕ್ಕಾ, ನೀನು ಎದ್ದು ಒಂದು ಗುಟುಕು ಏನಾದ್ರೂ ಕುಡಿ," ಎಂದಳು ಬೀಗದವರ ಹೆಂಡತಿಯ ತಂಗಿ.

"ಬಂದವರಿಗೆಲ್ಲ ಟೀ ಆಯ್ತಾ?"

"ನಾನು ಮಾಡ್ತೀನಿ ಬಿಡೇ."

"ಸಕ್ಕರೆ ಡಬ್ಬಿ ನಿನಗೆ ಸಿಗಲ್ಲ," ಎಂದು ಅವರು ಎದ್ದರು. ಮಡಿಸಿದ ಬಟ್ಟೆಯನ್ನು ದಿಂಬಿನ ಪಕ್ಕ ಇಟ್ಟು, ಇವತ್ತು ಅದು ಬೇಕಾಗುವುದಿಲ್ಲ ಎಂದು ಹೊಳೆದವರಂತೆ ಮತ್ತೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಮಗ ಅದನ್ನೇ ಕಾಯುತ್ತಿದ್ದ. "ಚಿಕ್ಕಪ್ಪ, ಒಂದು ನಿಮಿಷ," ಎಂದು ಕಂಡಕ್ಟರನ್ನು ಅಡುಗೆಮನೆಗೆ ತಾಗಿದ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. ಮುಚ್ಚಿದ ಅಂಗಡಿಯ ಸಾಮಾನೆಲ್ಲ ಅಲ್ಲಿತ್ತು. ಗೋಡೆಯ ಮೇಲೆ ಹಲ್ಲಿಲ್ಲದ ಕೀಲಿಗಳು ಹಾಗೆಯೇ ತೂಗುತ್ತಿದ್ದವು.

"ಅಪ್ಪನ 'ಇಲ್ಲ' ನಿಮಗೆ ಗೊತ್ತಾಗ್ತಿತ್ತು ಅಲ್ವಾ?"

"ಯಾವುದು?"

"ಎಲ್ಲ ಸಲದ್ದೂ. ನೀವೇ ಹೇಳ್ತಿದ್ರಲ್ಲ."

ಮಗ ಕೀಲಿಗಳ ಕಡೆ ಮುಖ ಮಾಡಿ ನಿಂತ.

"ಆಸ್ಪತ್ರೇಲಿ, ಅಮ್ಮ ಬಟ್ಟೆ ತರೋಕೆ ಮನೆಗೆ ಬಂದಿದ್ದಳು. ಆಗಲೇ ಉಸಿರು ಜಾಸ್ತಿ ಆಯ್ತು. ಡಾಕ್ಟ್ರು ಬಂದು, ಮೆಷಿನ್ ಹಾಕಬೇಕಾಗುತ್ತೆ, ಗಂಟಲಿಗೆ ಕೊಳವೆ ಇಳಿಸಬೇಕು, ಹಾಕಿದ್ರೂ ಉಳೀತಾರೆ ಅಂತ ಹೇಳೋಕಾಗಲ್ಲ ಅಂದ್ರು. ಅಪ್ಪನಿಗೆ ಎಚ್ಚರ ಇತ್ತು. ಅವರ ಹತ್ರ ಬಗ್ಗಿ, ನಿಮ್ಮ ಒಪ್ಪಿಗೆ ಇದೆಯಾ ಅಂತ ಕೇಳಿದ್ರು."

"ಇಲ್ಲ ಅಂದನಾ?"

"ಹೂಂ. ಒಪ್ಪಿಗೆ ಇದೆಯಾ, ಇಲ್ಲ. ಎಷ್ಟು ಸರಿಯಾಗಿ ಕೂತುಕೊಳ್ತು ನೋಡಿ ಚಿಕ್ಕಪ್ಪ. ಯಾವತ್ತೂ ಹಾಗೆ ಕೂತಿರಲಿಲ್ಲ. ಅದಕ್ಕೇ ನಂಬಿಬಿಟ್ಟೆ. ಅವರಿಗೆ ಬೇಡವಂತೆ ಅಂತ ನಾನೇ ಡಾಕ್ಟ್ರಿಗೆ ಹೇಳಿದೆ. ಅಮ್ಮ ಬರೋ ಹೊತ್ತಿಗೆ ಕಣ್ಣು ಮುಚ್ಚಿದ್ರು. ಮತ್ತೆ ತೆರೀಲೇ ಇಲ್ಲ."

"ಅಮ್ಮನಿಗೆ?"

"ಹೇಳಿಲ್ಲ. ಹ್ಯಾಗೆ ಹೇಳಲಿ? ಅವರು ಹೂಂ ಅಂದಿದ್ರೆ? ಬದುಕಬೇಕು ಅಂತ ಅಂದಿದ್ದು ನನಗೆ ಬೇಡ ಅಂತ ಕೇಳಿಸಿದ್ರೆ?"

ಆಚೆ ಅಡುಗೆಮನೆಯಲ್ಲಿ ಲೋಟಗಳ ಸದ್ದು, ಸ್ಟೋವಿನ ಭುಸ್ಸೆನ್ನುವ ಸದ್ದು. ಕಂಡಕ್ಟರಿಗೆ ಕೂರಬೇಕೆನಿಸಿತು. ಬೆಂಚು ಹೊರಗೆ ಹೋಗಿತ್ತು.

"ಹೇಳಿ ತೋರಿಸು," ಎಂದರು. "ಅವನು ಹ್ಯಾಗೆ ಅಂದನೋ ಹಾಗೇ."

"ಇಲ್ಲ," ಎಂದ ಮಗ.

"ಇದು ನಿನ್ನ ದನಿ. ಅವನದು ಹೇಳು."

"ಇಲ್ಲ."

"ಸಿಟ್ಟು ಇತ್ತಾ ಅದರಲ್ಲಿ?"

"ಗೊತ್ತಿಲ್ಲ ಚಿಕ್ಕಪ್ಪ. ಮುಖದ ಮೇಲೆ ಆಕ್ಸಿಜನ್ ಇತ್ತು."

"ಹಾಗಾದ್ರೆ ಹಾಗೇ ಹೇಳು. ಬಾಯಿಗೆ ಕೈ ಇಟ್ಕೋ. ಅವಸರ ಬೇಡ."

ನಡುಮನೆಯಲ್ಲಿ ಮಾತು ನಿಂತಿತ್ತು. ಒಳಗಿನಿಂದ ಬರುತ್ತಿದ್ದ ಆ ಪದವನ್ನು ಅಲ್ಲಿದ್ದವರು ಕೇಳಿಸಿಕೊಳ್ಳುತ್ತಿದ್ದಿರಬೇಕು. ಮಗ ಕಣ್ಣು ಮುಚ್ಚಿ, ಅಂಗೈಯನ್ನು ಬಟ್ಟಲು ಮಾಡಿ ಬಾಯಿ ಮುಚ್ಚಿಕೊಂಡ. ಬಲಭುಜ ಇಳಿಬಿಟ್ಟ. ಮುಖ ಎಡಕ್ಕೆ ಸೊಟ್ಟಗಾಯಿತು. ಹಾಗೆ ನಿಂತವನಲ್ಲಿ ಒಂದು ಗಳಿಗೆ ಬೀಗದವರೇ ಕಂಡು ಕಂಡಕ್ಟರ್ ಕೀಲಿಯ ಹಲಗೆಗೆ ಆತುಕೊಂಡರು. ಕೀಲಿಗಳು ಝಲ್ಲೆಂದವು.

"ಇಲ್ಲಾ..." ಎಂದ ಮಗ. ಕೈಯ ಹಿಂದಿನಿಂದ ಬಂದ ಆ ದನಿಯ ಕೊನೆ ಎಳೆದುಕೊಂಡು ತೆಳ್ಳಗೆ ಮೇಲೆ ಹೋಯಿತು. ಅವನು ಕಣ್ಣು ತೆರೆದು, "ಹೀಗೆ. ಹೀಗೇ ಅಂದದ್ದು. ಹೇಳಿ ಚಿಕ್ಕಪ್ಪ," ಎಂದ.

ಕಂಡಕ್ಟರಿಗೆ ಏನೂ ತಿಳಿಯಲಿಲ್ಲ. ಜೀವಮಾನವಿಡೀ ನಟನೆಯ ತೀರ್ಪು ಕೊಟ್ಟ ಮನುಷ್ಯ, ಎದುರಿನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ, ಇದು ಬೇಡ ಅನ್ನೋ "ಇಲ್ಲ"ವೇ ಕಣಪ್ಪ, ಸಂಶಯವೇ ಬೇಡ ಎಂದು ಹೇಳಿಬಿಡಬೇಕು, ಹೇಳಿ ಇವನ ತಲೆ ನೇವರಿಸಬೇಕು ಎಂದುಕೊಂಡು ಬಾಯಿ ತೆರೆದರು.

"ಬಂದೆ, ಬಂದೆ," ಎಂಬ ದನಿ ಅಡುಗೆಮನೆಯಿಂದ ಬಂತು.

ಅವಸರದ ಹೆಜ್ಜೆ. ಬಾಗಿಲು ಮೊಣಕೈಯಿಂದ ತಳ್ಳಿಸಿಕೊಂಡು ತೆರೆಯಿತು. ಅಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ನಾಲ್ಕು ಮಡಿಕೆಯ ಬಟ್ಟೆ, ಇನ್ನೊಂದರಲ್ಲಿ ಸ್ಟೀಲ್ ಲೋಟ. ಕೋಣೆಯಲ್ಲಿ ಮಂಚ ಇರಲಿಲ್ಲ. ಅವರು ಮಗನನ್ನು ನೋಡಿದರು, ಇನ್ನೂ ಅವನ ಬಾಯಿಯ ಹತ್ತಿರವೇ ಇದ್ದ ಕೈಯನ್ನು ನೋಡಿದರು, ಆಮೇಲೆ ತಮ್ಮ ಕೈಯಲ್ಲಿದ್ದುದನ್ನು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಯಾರೂ ಅಲುಗಲಿಲ್ಲ. ಲೋಟದಲ್ಲಿ ನೀರು ಅಂಚಿನವರೆಗೆ ತುಂಬಿತ್ತು. ಸ್ಟ್ರಾ ಮಾತ್ರ ಅಂಚು ಹಿಡಿದು ನಿಧಾನಕ್ಕೆ ಸುತ್ತಿ ಬಂದು, ಬಗ್ಗಿದ ತುದಿಯನ್ನು ಮಗನ ಕಡೆ ಮಾಡಿ ನಿಂತಿತು.